ಫಲಕದ ಮೇಲಿನ ಅರ್ಧ ಪದವಿ

ಚಿಂತಾಮಣಿಯ ಪೇಟೆಯಲ್ಲಿ ಒಮ್ಮೆ ಸುತ್ತಿ ಬಂದರೆ ವೈದ್ಯರ ಫಲಕಗಳು ಹಲವಾರು ಕಣ್ಣಿಗೆ ಬೀಳುತ್ತವೆ. ಪ್ರತಿ ಹೆಸರಿನ ಕೆಳಗೂ ಇಂಗ್ಲಿಷ್ ಅಕ್ಷರಗಳ ಸಾಲು. ಮನೆಯಲ್ಲಿ ತೆಲುಗನ್ನೂ ಕಚೇರಿಯಲ್ಲಿ ಕನ್ನಡವನ್ನೂ ಆಡುವ ಈ ಸೀಮೆಯ ಜನರಿಗೆ ಆ ಅಕ್ಷರಗಳು ಯಾವ ಭಾಷೆಯಲ್ಲಿಯೂ ಏನನ್ನೂ ಹೇಳುವುದಿಲ್ಲ. ಅಕ್ಷರಗಳು ಹೆಚ್ಚಿದ್ದಷ್ಟೂ ವೈದ್ಯರು ದೊಡ್ಡವರು ಎಂಬುದೊಂದೇ ಅವರ ಲೆಕ್ಕ.

ಕೆಲವು ವರ್ಷಗಳ ಹಿಂದೆ ಪರಿಚಿತ ರೈತರೊಬ್ಬರಿಗೆ ಬೆಳಗಿನ ಜಾವ ಎದೆನೋವು ಕಾಣಿಸಿತು. ಮನೆಯವರು ‘ಎಂ.ಡಿ.’ ಎಂದಷ್ಟೇ ಇದ್ದ ಫಲಕವನ್ನು ನಂಬಿ ಅಲ್ಲಿಗೆ ಕರೆದೊಯ್ದು, ಬಾಗಿಲು ತೆರೆಯುವವರೆಗೆ ಕಾದರು. ಆ ವೈದ್ಯರು ಎಂ.ಡಿ. ಪಡೆದುದು ನಿಜ, ಆದರೆ ಆಯುರ್ವೇದದ ದ್ರವ್ಯಗುಣ ವಿಷಯದಲ್ಲಿ. ಅಲ್ಲಿ ಇ.ಸಿ.ಜಿ. ಯಂತ್ರವಿರಲಿಲ್ಲ. ಅವರು ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿದರಾದರೂ ಹೃದಯಾಘಾತದಲ್ಲಿ ಅಮೂಲ್ಯವಾದ ಮೊದಲ ಗಂಟೆ ಕಳೆದುಹೋಗಿತ್ತು. ಜೀವ ಉಳಿಯಿತು, ಹೊಲದಲ್ಲಿ ದುಡಿಯುವ ಶಕ್ತಿ ಮರಳಲಿಲ್ಲ. ಇಲ್ಲಿ ವೈದ್ಯರ ವಿದ್ಯೆಯಲ್ಲಿ ಕೊರತೆಯಿರಲಿಲ್ಲ, ಫಲಕದ ಬರಹದಲ್ಲಿತ್ತು.

ಎಂ.ಬಿ.ಬಿ.ಎಸ್. ಎಂಬುದು ವೈದ್ಯಶಾಸ್ತ್ರ ಮತ್ತು ಶಸ್ತ್ರಚಿಕಿತ್ಸೆ ಎಂಬ ಎರಡು ಸ್ನಾತಕ ಪದವಿಗಳ ಜೋಡಿ ಹೆಸರು. ಬಿ.ಎ.ಎಂ.ಎಸ್.ನಲ್ಲಿರುವ ‘ಎ’ ಆಯುರ್ವೇದವನ್ನೂ, ಬಿ.ಎಚ್.ಎಂ.ಎಸ್.ನ ‘ಎಚ್’ ಹೋಮಿಯೋಪಥಿಯನ್ನೂ, ಬಿ.ಯು.ಎಂ.ಎಸ್.ನ ‘ಯು’ ಯುನಾನಿಯನ್ನೂ ಸೂಚಿಸುತ್ತವೆ. ಪದ್ಧತಿ ಯಾವುದೆಂದು ತಿಳಿಸುವುದು ಆ ಒಂದೇ ಅಕ್ಷರ. ಎಂ.ಡಿ.ಯಲ್ಲಿ ಅದೂ ಇಲ್ಲ. ಮಕ್ಕಳ ವೈದ್ಯರೂ ಎಂ.ಡಿ., ರೋಗಿಯನ್ನು ಮುಟ್ಟದೆ ಪ್ರಯೋಗಾಲಯದಲ್ಲಿ ದುಡಿಯುವ ಜೀವರಸಾಯನ ತಜ್ಞರೂ ಎಂ.ಡಿ.; ಆಯುರ್ವೇದ, ಹೋಮಿಯೋಪಥಿಗಳಲ್ಲಿಯೂ ಎಂ.ಡಿ. ಉಂಟು. ರಷ್ಯಾದಂತಹ ದೇಶಗಳಿಂದ ತರುವ ಎಂ.ಡಿ. ನಮ್ಮಲ್ಲಿ ಎಂ.ಬಿ.ಬಿ.ಎಸ್.ಗೆ ಸಮಾನವಾದ ಮೂಲ ಪದವಿ ಮಾತ್ರ. ಆದುದರಿಂದ ‘ಎಂ.ಡಿ. (ಮಕ್ಕಳ ವೈದ್ಯಶಾಸ್ತ್ರ)’, ‘ಎಂ.ಡಿ. (ಆಯುರ್ವೇದ, ದ್ರವ್ಯಗುಣ)’ ಎಂದು ವಿಷಯಸಹಿತ ಬರೆದಾಗಲೇ ಆ ಪದವಿ ಪೂರ್ಣವಾಗುವುದು. ಸಂಘದ ಸದಸ್ಯತ್ವ, ಎರಡು ದಿನಗಳ ಕಾರ್ಯಾಗಾರದ ಪ್ರಮಾಣಪತ್ರ ಇವನ್ನೂ ಪದವಿಯ ಸಾಲಿಗೆ ಪೋಣಿಸುವವರಿದ್ದಾರೆ. ಅದು ಅಲಂಕಾರ, ರೋಗಿಗೆ ಅದರಿಂದ ಪ್ರಯೋಜನವಿಲ್ಲ.

‘ಆರ್.ಎಂ.ಪಿ.’ಯ ಕಥೆ ಇನ್ನೂ ವಿಚಿತ್ರ. ಅದರ ಅರ್ಥ ನೋಂದಾಯಿತ ವೈದ್ಯ. ಹಳ್ಳಿಗಳಲ್ಲಿ ಯಾವ ನೋಂದಣಿಯೂ ಇಲ್ಲದವರೇ ಅದನ್ನು ಹೆಚ್ಚಾಗಿ ಬರೆದುಕೊಳ್ಳುತ್ತಾರೆ.

ಆಯುರ್ವೇದ ಪದವಿ ಕೀಳೆಂಬುದು ಈ ಲೇಖನದ ಅಭಿಪ್ರಾಯವಲ್ಲ. ನಮ್ಮ ಮಠಗಳು ಆಯುರ್ವೇದ ವಿದ್ಯಾಲಯಗಳನ್ನು ನಡೆಸಿಕೊಂಡು ಬಂದಿವೆ. ತನ್ನ ಶಾಸ್ತ್ರದ ಹೆಸರನ್ನು ಮುಚ್ಚಿಟ್ಟು ಬರಿಯ ‘ಎಂ.ಡಿ.’ ಎನ್ನುವವನೇ ಆ ಶಾಸ್ತ್ರವನ್ನು ಕೀಳಾಗಿಸುತ್ತಾನೆ. ಶರಣರು ಕಾಯಕವನ್ನು ಹೆಸರಿನೊಡನೆಯೇ ಧರಿಸಿದ್ದರು: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ವೈದ್ಯ ಸಂಗಣ್ಣ. ಆ ಹೆಸರು ಕೇಳಿದವನಿಗೆ ಇವರು ಏನು ಮಾಡುತ್ತಾರೆಂಬ ಸಂಶಯ ಉಳಿಯುತ್ತಿರಲಿಲ್ಲ.

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಎಂ.ಬಿ.ಬಿ.ಎಸ್. ವೈದ್ಯರು ನೋಂದಣಿ ಸಂಖ್ಯೆಯನ್ನು ಚಿಕಿತ್ಸಾಲಯದಲ್ಲಿಯೂ ಔಷಧಿ ಚೀಟಿಯಲ್ಲಿಯೂ ತೋರಿಸಬೇಕು. ಹೆಸರಿನ ಜೊತೆ ಮಾನ್ಯತೆ ಪಡೆದ ಅರ್ಹತೆಗಳನ್ನಷ್ಟೇ ಬರೆಯಬೇಕು. ಖಾಸಗಿ ಚಿಕಿತ್ಸಾಲಯಗಳು 2007ರ ರಾಜ್ಯ ಕಾಯಿದೆಯಡಿ ಪ್ರತ್ಯೇಕವಾಗಿ ನೋಂದಣಿಯಾಗಬೇಕು. ಎಂ.ಬಿ.ಬಿ.ಎಸ್. ಪಡೆದವರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿಯೂ, ಆಯುರ್ವೇದ ಮತ್ತು ಯುನಾನಿಯವರದು ಅವರ ಮಂಡಳಿಯಲ್ಲಿಯೂ ಇರುತ್ತದೆ. ಚೀಟಿಯಲ್ಲಿ ಸಂಖ್ಯೆ ಕಾಣದಿದ್ದರೆ “ತಮ್ಮ ನೋಂದಣಿ ಸಂಖ್ಯೆ ಯಾವುದು, ಸ್ವಾಮಿ?” ಎಂದು ಕೇಳುವುದು ಅವಿನಯವಲ್ಲ. ಪದವಿ, ಅದರ ವಿಷಯ, ನೋಂದಣಿ ಸಂಖ್ಯೆ ಈ ಮೂರನ್ನು ಕನ್ನಡದಲ್ಲಿ ಬರೆಸಲು ಫಲಕದ ಮೇಲೆ ಎರಡು ಸಾಲು ಸಾಕು. ಮೇಲೆ ಹೇಳಿದ ವೈದ್ಯರು ಮರುವಾರವೇ ಬರೆಸಿದರು. ಅವರ ಬಳಿ ಬರುವವರು ಅದರಿಂದ ಕಡಿಮೆಯಾಗಲಿಲ್ಲ.