ತೀರದ ಋಣ

ದಂಡವನ್ನು ತೆತ್ತ ಮಾತ್ರಕ್ಕೆ ತಪ್ಪಿನ ಋಣ ತೀರುವುದೆ? ಜಪಾನಿನ ಯೋಶಿತೋಕಿ ಓಯಿಮಾ ಅವರು 2013-14ರಲ್ಲಿ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ರಚಿಸಿದ ‘ಕೋಯೆ ನೊ ಕತಾಚಿ’, ಎಂದರೆ ‘ದನಿಯ ಆಕಾರ’ ಎಂಬ ಚಿತ್ರಕಥೆಯ ಪ್ರಶ್ನೆ ಇದೇ.

ಆರನೆಯ ತರಗತಿಯ ಶೋಯಾ ತುಂಟ. ಹೊಸದಾಗಿ ಶಾಲೆಗೆ ಬಂದ ಶೋಕೋ ಕಿವಿ ಕೇಳದವಳು. ಅವನ ಕಾಟದಿಂದ ಐದು ತಿಂಗಳಲ್ಲಿ ಅವಳ ಎಂಟು ಶ್ರವಣಯಂತ್ರಗಳು ಹಾಳಾದುವು. ಅವನ ತಾಯಿ 17 ಲಕ್ಷ ಯೆನ್ ತೆತ್ತಳು. ಜೊತೆಗೂಡಿ ನಕ್ಕಿದ್ದ ಗೆಳೆಯರು ಅಪರಾಧವನ್ನೆಲ್ಲ ಅವನೊಬ್ಬನ ಮೇಲೆ ಹೊರಿಸಿದರು. ಅವನ ಮೇಜಿನ ಮೇಲೆ ಇತರರು ಬರೆಯುತ್ತಿದ್ದ ಬೈಗುಳವನ್ನು ಒರಸುತ್ತಿದ್ದವಳು ಶೋಕೋ. ಅದು ಅವನಿಗೆ ತಿಳಿದದ್ದು ಅವಳು ಶಾಲೆ ಬಿಟ್ಟ ಮೇಲೆ!

ವರ್ಷಗಳು ಕಳೆದುವು. ಶೋಯಾ ದುಡಿದು ಅಷ್ಟೇ ಹಣವನ್ನು ಕೂಡಿಸಿ ತಾಯಿಗೆ ಒಪ್ಪಿಸಿದ. ಶೋಕೋಳ ಕ್ಷಮೆ ಬೇಡಿ ಪ್ರಾಣ ಬಿಡುವುದೆಂದು ನಿಶ್ಚಯಿಸಿದ. ಇದನ್ನರಿತ ತಾಯಿ, ಸಾಯುವುದಿಲ್ಲವೆಂದು ಮಾತು ಕೊಡುವಂತೆ ಅವನನ್ನು ಗದರಿಸುತ್ತಿರುವಾಗಲೇ ಆ ನೋಟುಗಳು ಬೆಂಕಿಗೆ ಸಿಕ್ಕಿ ಬೂದಿಯಾದುವು.

ಹಣ ಸುಟ್ಟಿತು, ಋಣ ಉಳಿಯಿತು. ಅದನ್ನು ತೀರಿಸುವ ಬಗೆ ಸಾವಲ್ಲ, ಬದುಕು. ಅವಳಿಗಾಗಿ ಅವನು ಕೈಸನ್ನೆಯ ಭಾಷೆಯನ್ನು ಕಲಿತಿದ್ದ. ಇನ್ನು ಅವಳ ಮಾತನ್ನು ಕೇಳಲು ಕಲಿಯಬೇಕಾಗಿತ್ತು. ಪಶ್ಚಾತ್ತಾಪವು ತನ್ನ ನೋವನ್ನಷ್ಟೇ ನೋಡುತ್ತಿರುವವರೆಗೆ ಸ್ವಾರ್ಥವೇ ಸರಿ. ಇನ್ನೊಬ್ಬರ ಮುಖವನ್ನು ತಲೆಯೆತ್ತಿ ನೋಡಿದಂದು ಅದು ಸಂಸ್ಕಾರವಾಗುತ್ತದೆ.