ಮುಖ ನೋಡಿ ನಂಬಬೇಡಿ

ವಿಡಿಯೋ ಅಸಲಿಯೋ ನಕಲಿಯೋ ಎಂದು ನೋಡಿದ ಕೂಡಲೇ ಹೇಳುವ ಉಪಾಯವಿದೆಯೇ? ವಿದ್ಯಾರ್ಥಿಗಳು ಮೇಲಿಂದ ಮೇಲೆ ಕೇಳುವ ಪ್ರಶ್ನೆಯಿದು.

2018ರಲ್ಲಿ ಅಮೆರಿಕದ ಆಲ್ಬನಿಯಲ್ಲಿದ್ದ ವಿಜ್ಞಾನಿ ಸಿವೇ ಲ್ಯು ಮತ್ತು ಸಂಗಡಿಗರು ಒಂದು ಸುಳುಹು ಹಿಡಿದಿದ್ದರು. ಆಗಿನ ನಕಲಿ ಮುಖಗಳು ಸರಿಯಾಗಿ ಕಣ್ಣು ಮಿಟುಕಿಸುತ್ತಿರಲಿಲ್ಲ. ಕಾರಣ ಸರಳ. ಕಂಪ್ಯೂಟರ್ ಮುಖವನ್ನು ಕಲಿಯುವುದು ಫೋಟೋಗಳಿಂದ. ಕಣ್ಣು ಮುಚ್ಚಿದ ಫೋಟೋವನ್ನು ನಾವು ಇಟ್ಟುಕೊಳ್ಳುವುದೇ ಅಪರೂಪ. ಆದರೆ ಈ ಗುಟ್ಟು ಬಯಲಾದ ಮೇಲೆ ನಕಲಿ ಮುಖಗಳೂ ಕಣ್ಣು ಮಿಟುಕಿಸತೊಡಗಿದವು! ಆರು ಬೆರಳಿನ ಕೈ, ಸೊಟ್ಟ ಅಕ್ಷರ ಮೊದಲಾದ ಸುಳುಹುಗಳೂ ಹೀಗೆಯೇ ಸವೆಯುತ್ತಿವೆ.

2023ರ ನವೆಂಬರಿನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದೆಂದು ಒಂದು ವಿಡಿಯೋ ಹರಿದಾಡಿತು. ಲಿಫ್ಟಿನೊಳಗೆ ಬರುವಾಗ ಮೊದಲ ಕ್ಷಣ ಬೇರೊಬ್ಬರ ಮುಖ. ಮರುಕ್ಷಣ ರಶ್ಮಿಕಾ ಮುಖ. ಲಕ್ಷಾಂತರ ಜನ ನೋಡಿದರೂ ಇದನ್ನು ಗಮನಿಸಿದವರು ಕೆಲವರೇ. ಸಂಶಯ ಪೂರ್ತಿ ತೀರಿದ್ದು ಮೂಲ ವಿಡಿಯೋ ಸಿಕ್ಕಾಗ. ಬ್ರಿಟನ್ನಿನ ಭಾರತೀಯ ಮೂಲದ ಯುವತಿಯೊಬ್ಬಳು ಅಕ್ಟೋಬರಿನಲ್ಲೇ ಅದನ್ನು ಇನ್‌ಸ್ಟಾಗ್ರಾಮಿಗೆ ಹಾಕಿದ್ದಳು. ಅದರಲ್ಲಿ ಮುಖ ಮಾತ್ರ ಬದಲಾಗಿತ್ತು.

ನಮ್ಮ ದಢೇಸುಗೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಸುತ್ತಲೂ ಭತ್ತದ ಗದ್ದೆಗಳು. ಬೀಜದ ಭತ್ತ ಕೊಳ್ಳುವ ರೈತ ಕಾಳಿನ ಹೊಳಪು ನೋಡಿ ಮರುಳಾಗುವುದಿಲ್ಲ. ಚೀಲಕ್ಕೆ ಪ್ರಮಾಣಿತ ಬೀಜದ ನೀಲಿ ಚೀಟಿ ಇದೆಯೇ, ಎಲ್ಲಿಂದ ಬಂತು ಎಂದು ನೋಡುತ್ತಾನೆ. ವಿಡಿಯೋಕ್ಕೂ ಅದೇ ಪರೀಕ್ಷೆ ಸಾಕು. ಮೊದಲು ಹಾಕಿದವರು ಯಾರು, ಯಾವಾಗ? ಒಂದು ದೃಶ್ಯದ ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸಿನಲ್ಲಿ ಹುಡುಕಿ. ಮೂಲ ಸಿಗಲಿಲ್ಲವೆಂದ ಮಾತ್ರಕ್ಕೆ ಅದು ನಿಜವಲ್ಲ. ಸಂಶಯವಿದ್ದರೆ ಮುಂದಕ್ಕೆ ಕಳಿಸಬೇಡಿ.

ಪಾಲಕರಿಗೆ ಒಂದು ಮಾತು. ಶಾಲೆ ಕಾಲೇಜಿನಲ್ಲಿದ್ದಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂಬರ್ಥದಲ್ಲಿ ರಶ್ಮಿಕಾ ಆಗ ಬರೆದಿದ್ದರು. ಹೆಸರಾಂತ ನಟಿಯ ಪಾಡೇ ಹೀಗಿದ್ದರೆ ಹತ್ತನೇ ತರಗತಿಯ ಹುಡುಗಿಯ ಗತಿಯೇನು? ನಿಮ್ಮ ಮಗಳ ಇಂಥ ಚಿತ್ರ ಯಾರದೋ ಫೋನಿಗೆ ಬಂದರೆ ಮೊದಲು ಅವಳನ್ನು ಬಯ್ಯಬೇಡಿ, ಶಾಲೆ ಬಿಡಿಸಬೇಡಿ. ಕಳಿಸಿದವರ ಸಂಖ್ಯೆ, ದಿನ, ವೇಳೆ ಬರೆದಿಟ್ಟುಕೊಂಡು ಪೊಲೀಸ್ ಠಾಣೆಗೆ ಹೋಗಿ. ಸೈಬರ್ ಅಪರಾಧಕ್ಕೆ 1930, ಮಕ್ಕಳ ನೆರವಿಗೆ 1098 ಸಹಾಯವಾಣಿಗಳಿವೆ.

ನಕಲಿಯನ್ನು ಯಂತ್ರ ಮಾಡಬಹುದು. ಅದನ್ನು ಊರೆಲ್ಲ ಹಂಚುವುದು ಮಾತ್ರ ನಮ್ಮ ಬೆರಳೇ.