ಸೂರಿಲ್ಲದವರ ರಾತ್ರಿಗೆ ಹೊಣೆ ಯಾರು? ಯಶವಂತಪುರದ ಮುಂದಿರುವ ಪ್ರಶ್ನೆ

ರಾಜ್ಯದ ವ್ಯಾಪಾರಸ್ಥ ಕುಟುಂಬಗಳಿಗೆ ಯಶವಂತಪುರ ಎಂದೊಡನೆ ನೆನಪಾಗುವುದು ಎರಡು: ರೈಲು ನಿಲ್ದಾಣ ಮತ್ತು ಎಪಿಎಂಸಿ ಯಾರ್ಡ್. ಇವೆರಡೂ ಹಗಲಿರುಳು ನಡೆಯಬೇಕಾದರೆ ಹಮಾಲರು, ಗಾಡಿ ಎಳೆಯುವವರು, ದಿನಗೂಲಿಯವರು ಬೇಕು. ಬೆಂಗಳೂರಿನಂಥ ನಗರದಲ್ಲಿ ಇವರೆಲ್ಲರಿಗೂ ಮುಂಗಡ ಕೊಟ್ಟು ಬಾಡಿಗೆ ಕೋಣೆ ಹಿಡಿಯಲು ಆಗುವುದಿಲ್ಲ. ಮಾರುಕಟ್ಟೆ ಮತ್ತು ನಿಲ್ದಾಣ ಇರುವ ಕಡೆಯೆಲ್ಲ ಅಂಗಡಿ ಜಗಲಿ, ಮೇಲ್ಸೇತುವೆಯ ಕೆಳಭಾಗ, ಪಾದಚಾರಿ ಮಾರ್ಗಗಳೇ ಕೆಲವರಿಗೆ ಮನೆಯಾಗುವುದು ಹೀಗೆ. ದುಡಿದು ಉಣ್ಣುವ ಇವರ ಜೊತೆಗೆ ಮನೆಯಿಂದ ಹೊರಬಿದ್ದ ವೃದ್ಧರು, ಮಾನಸಿಕ ಅಸ್ವಸ್ಥರೂ ಸೇರಿಕೊಳ್ಳುತ್ತಾರೆ. ಇವರ ಹೊಣೆ ಯಾರದು?

ಕಾನೂನಿನ ಉತ್ತರ ಸ್ಪಷ್ಟವಾಗಿದೆ. ಸಂವಿಧಾನದ 74ನೇ ತಿದ್ದುಪಡಿಯಿಂದ ಸೇರಿದ 12ನೇ ಅನುಸೂಚಿಯು ನಗರದ ಬಡತನ ನಿವಾರಣೆ ಮತ್ತು ದುರ್ಬಲ ವರ್ಗಗಳ ಹಿತರಕ್ಷಣೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಇರಿಸಿದೆ. ವಸತಿಯು ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1996ರ ಚಮೇಲಿ ಸಿಂಗ್ ಪ್ರಕರಣದಲ್ಲಿ ಹೇಳಿತು. ಆಹಾರದ ಹಕ್ಕಿನ ಪ್ರಕರಣದ ವಿಚಾರಣೆಯಲ್ಲಿ ದೊಡ್ಡ ನಗರಗಳಿಗೆ ಒಂದು ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ ಕೇಂದ್ರ ಎಂಬ ಮಾನದಂಡ ಬಂತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಅದನ್ನೇ ಅನುಸರಿಸಿ, ವರ್ಷವಿಡೀ ತೆರೆದಿರುವ, ತಲಾ ನೂರು ಜನರಿಗೆ ಸ್ಥಳವಿರುವ ಕೇಂದ್ರಗಳಿಗೆ ಹಣ ಒದಗಿಸಿತು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. ಆ ಲೆಕ್ಕದಲ್ಲೇ 84 ಕೇಂದ್ರಗಳು ಬೇಕಿದ್ದವು. ಬೆಂಗಳೂರು ಆ ಗುರಿ ತಲುಪಲಿಲ್ಲ. ಅಭಿಯಾನದ ಅವಧಿಯೂ 2024ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು.

ಹಂಚಿಹೋದ ಅಧಿಕಾರ

ಕಾಗದದ ಮೇಲಿನ ಹೊಣೆ ರಸ್ತೆಗೆ ಇಳಿಯದಿರಲು ಯಶವಂತಪುರದಲ್ಲಿ ಒಂದು ವಿಶೇಷ ಕಾರಣವಿದೆ. ನಿಲ್ದಾಣದ ಆವರಣ ನೈಋತ್ಯ ರೈಲ್ವೆಯದು. ಯಾರ್ಡ್ ಎಪಿಎಂಸಿಯದು. ಮೆಟ್ರೊ ನಿಲ್ದಾಣ ಬಿಎಂಆರ್‌ಸಿಎಲ್‌ನದು. ರಸ್ತೆ, ಪಾದಚಾರಿ ಮಾರ್ಗ ಪಾಲಿಕೆಯದು. ಮಲಗಿದವನನ್ನು ಒಬ್ಬರ ಜಾಗದಿಂದ ಇನ್ನೊಬ್ಬರ ಜಾಗಕ್ಕೆ ಎಬ್ಬಿಸಿ ಕಳುಹಿಸುವುದು ಎಲ್ಲರಿಗೂ ಸುಲಭ. ಮಲಗಲು ಜಾಗ ಕೊಡುವುದು ಮಾತ್ರ ಯಾರ ಕೆಲಸವೂ ಆಗುವುದಿಲ್ಲ.

ಇದರ ಮೇಲೆ ಆಡಳಿತವೇ ಬದಲಾಗಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಂದು ಜಾರಿಯಾಗಿ, ಸೆಪ್ಟೆಂಬರ್ 2ರಂದು ಬಿಬಿಎಂಪಿಯ ಜಾಗದಲ್ಲಿ ಐದು ನಗರ ಪಾಲಿಕೆಗಳು ಬಂದವು. ಪಾಲಿಕೆ ಚಿಕ್ಕದಾದರೆ ಜನರಿಗೆ ಹತ್ತಿರವಾಗುತ್ತದೆ ಎಂಬುದು ಸರ್ಕಾರದ ವಾದ. ಆದರೆ ಕೆಲಸಕ್ಕಾಗಿ ಪಾಲಿಕೆಯ ಗಡಿ ದಾಟಿ ಓಡಾಡುವ, ವಿಳಾಸವೂ ಇಲ್ಲದ ಮನುಷ್ಯನನ್ನು ಯಾವ ಪಾಲಿಕೆ ತನ್ನವನೆಂದು ಎಣಿಸಬೇಕು? 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಬಳಿಕ ನಗರ ವರ್ಷಗಟ್ಟಲೆ ಅಧಿಕಾರಿಗಳ ಕೈಯಲ್ಲೇ ಇದ್ದುದರಿಂದ, ಈ ಪ್ರಶ್ನೆಯನ್ನು ಸಭೆಯಲ್ಲಿ ಎತ್ತಲು ವಾರ್ಡಿನ ಪ್ರತಿನಿಧಿಯೂ ಇರಲಿಲ್ಲ.

ತೆರಿಗೆ ರಸೀದಿಯಲ್ಲಿರುವ ಸೆಸ್

ಅಂಗಡಿ ಅಥವಾ ಮನೆ ಹೊಂದಿರುವ ಪ್ರತಿಯೊಬ್ಬರೂ ಈ ವಿಷಯದಲ್ಲಿ ಈಗಾಗಲೇ ಪಾಲುದಾರರು. ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ, 1975ರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 3ರಷ್ಟು ಸೆಸ್ ಸಂಗ್ರಹವಾಗುತ್ತದೆ. ಹತ್ತು ಸಾವಿರ ರೂಪಾಯಿ ತೆರಿಗೆಗೆ ಇದು ಮುನ್ನೂರು ರೂಪಾಯಿ. ಈ ಹಣ ಕೇಂದ್ರ ಪರಿಹಾರ ಸಮಿತಿಗೆ ಸೇರಬೇಕು. ಸಂಗ್ರಹವಾದದ್ದು ಪೂರ್ತಿಯಾಗಿ ಸಮಿತಿಗೆ ತಲುಪುತ್ತಿಲ್ಲ ಎಂಬ ಆಕ್ಷೇಪ ಬೆಂಗಳೂರಿನ ಮಟ್ಟಿಗೆ ಹಳೆಯದು.

ಹಣ ತಲುಪಿದರೂ ಪ್ರಶ್ನೆ ಮುಗಿಯುವುದಿಲ್ಲ. ಈ ಕಾಯ್ದೆಯ ದೃಷ್ಟಿ ಭಿಕ್ಷುಕನನ್ನು ಹಿಡಿದು ಕೇಂದ್ರದಲ್ಲಿ ಇರಿಸುವುದು. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತಾಗ ರಾಜ್ಯವೇ ಬೆಚ್ಚಿಬಿದ್ದಿತ್ತು. ಸೂರಿಲ್ಲದವರೆಲ್ಲ ಭಿಕ್ಷುಕರಲ್ಲ. ಮುಂಜಾನೆ ಲಾರಿ ಇಳಿಸಲು ಹೋಗಬೇಕಾದವನಿಗೆ ಬೇಕಿರುವುದು ಬೀಗ ಹಾಕಿದ ಆವರಣವಲ್ಲ. ಕೆಲಸದ ಜಾಗಕ್ಕೆ ಹತ್ತಿರದಲ್ಲಿ ಹಾಸಿಗೆ, ಶೌಚಾಲಯ, ಚೀಲ ಇಡಲು ಒಂದು ಪೆಟ್ಟಿಗೆ ಇದ್ದರೆ ಸಾಕು. ಕೇಂದ್ರವನ್ನು ದೂರದಲ್ಲಿ ಕಟ್ಟಿದರೆ ಅದು ಖಾಲಿ ಉಳಿಯುವುದೂ ಇದೇ ಕಾರಣಕ್ಕೆ.

ಆವಾಸದಾನ ಮತ್ತು ಸಮಾಜ

ಜೈನ ಪರಂಪರೆಗೆ ಈ ವಿಷಯ ಹೊರಗಿನದಲ್ಲ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನ ಎಲ್ಲರಿಗೂ ತಿಳಿದದ್ದೇ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿಯಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆ ನಾಲ್ಕನೆಯದಾಗಿ ಬರುವುದು ಆವಾಸ. ಅಲ್ಲಿ ಅದು ಮುಖ್ಯವಾಗಿ ತ್ಯಾಗಿಗಳ ವೈಯಾವೃತ್ಯದ ಸಂದರ್ಭದಲ್ಲಿ ಬಂದ ಮಾತು. ಆದರೂ ತಂಗಲು ಜಾಗ ಕೊಡುವುದು ದಾನವೇ ಎಂಬ ತಿಳಿವು ಅದರಲ್ಲಿದೆ. ದುಃಖಿತರಿಗೆ ಪಾತ್ರಾಪಾತ್ರ ನೋಡದೆ ಕೊಡುವ ಕರುಣಾದಾನವೂ ಇದೆ. ಬಸದಿ ಎಂಬ ಪದ ಬಂದಿರುವುದೇ ವಸತಿಯಿಂದ.

ಹಾಗೆಂದು ದಾನಿಗಳು ಮುಂದೆ ಬಂದರೆ ಪಾಲಿಕೆ ಕೈತೊಳೆದುಕೊಳ್ಳಬಹುದೆಂದಲ್ಲ. ಚಳಿಗಾಲದಲ್ಲಿ ಕಂಬಳಿ ಹಂಚುವುದು ಒಂದು ರಾತ್ರಿಯ ನೆರವು. ಜಾಗ, ನೀರು, ಸಿಬ್ಬಂದಿ ವೇತನ ವರ್ಷವಿಡೀ ಬೇಕು. ಅದು ಹಕ್ಕಿನ ವಿಷಯವಾದ್ದರಿಂದ ಸರ್ಕಾರದ ಹಣದಲ್ಲೇ ಆಗಬೇಕು. ಆದರೆ ಇಂಥ ಕೇಂದ್ರಗಳ ನಿರ್ವಹಣೆಯನ್ನು ಸ್ವಯಂಸೇವಾ ಸಂಸ್ಥೆಗಳಿಗೆ ವಹಿಸಲು ಅವಕಾಶ ಇತ್ತು. ಧರ್ಮಶಾಲೆ, ಭೋಜನಶಾಲೆ, ಔಷಧಾಲಯ ನಡೆಸಿ ಅನುಭವವಿರುವ ಸಮಾಜದ ಟ್ರಸ್ಟುಗಳು ಇದಕ್ಕೆ ಅರ್ಹವಾದವು.

ಸದ್ಯಕ್ಕೆ ಮೂರು ಪ್ರಶ್ನೆಗಳನ್ನು ಲಿಖಿತವಾಗಿ ಪಾಲಿಕೆಗೆ ಕೇಳಬಹುದು. ಯಶವಂತಪುರದ ನಿಲ್ದಾಣ, ಯಾರ್ಡುಗಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಆಶ್ರಯ ಕೇಂದ್ರ ಎಲ್ಲಿದೆ? ಸಂಗ್ರಹವಾದ ಸೆಸ್‌ನಲ್ಲಿ ಎಷ್ಟು ಪಾವತಿಯಾಗಿದೆ? ರೈಲ್ವೆ ಮತ್ತು ಎಪಿಎಂಸಿ ಜೊತೆ ಮಾತನಾಡಿ ಜಾಗ ಗುರುತಿಸುವ ಅಧಿಕಾರಿ ಯಾರು? ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ ಮೂವತ್ತು ದಿನಗಳ ಗಡುವು. ತೆರಿಗೆ ಕಟ್ಟಿದವರು ಕೇಳಿದರೆ ಉತ್ತರ ಕೊಡಲೇಬೇಕಾಗುತ್ತದೆ. ಜಗಲಿಯಲ್ಲಿ ಮಲಗಿದವನಿಗೆ ಆ ಅರ್ಜಿಯಲ್ಲಿ ಬರೆಯಲು ವಿಳಾಸವಿಲ್ಲ.